ತಟ್ಟೆಯಂಚಿನ ಲವಂಗ

ಊಟಕ್ಕೆ ಕುಳಿತವರ ತಟ್ಟೆಯಂಚನ್ನು ಗಮನಿಸುವ ಕೆಟ್ಟ ಚಾಳಿಯೊಂದು ನನಗಿದೆ. ಎಷ್ಟೇ ಸಂಭಾವಿತರಾಗಿರಲಿ, ವೇದಿಕೆಯ ಮೇಲೆ ನಿಂತು ಕೃತಜ್ಞತೆಯ ಮಹತ್ವವನ್ನು ಗಂಟೆಗಟ್ಟಲೆ ವಿವರಿಸಬಲ್ಲವರೇ ಆಗಿರಲಿ, ಟೊಮೇಟೊ ಬಾತಿನಲ್ಲಿ ಲವಂಗವೊಂದು ಹಲ್ಲಿಗೆ ಸಿಕ್ಕಿತೆಂದರೆ ಮುಖ ಹಿಂಡಿಕೊಂಡು, ಎರಡು ಬೆರಳಲ್ಲಿ ಅದನ್ನು ಹೊರತೆಗೆದು, ತಟ್ಟೆಯಂಚಿಗೆ ಗಡೀಪಾರು ಮಾಡಿ, ಆಮೇಲೆ ಬಾತು ಘಮಘಮಿಸುತ್ತಿದೆಯೆಂದು ಮನೆಯಾಕೆಯನ್ನು ಹೊಗಳುತ್ತಾರೆ. ಘಮ ಯಾರದು, ಗಡೀಪಾರು ಯಾರಿಗೆ ಎಂದು ಕೇಳುವ ಆಸೆ ನನಗೆ ಪ್ರತಿಸಲವೂ ಆಗುತ್ತದೆ, ಅತಿಥಿಗಳೆಂದು ಸುಮ್ಮನಿರುತ್ತೇನೆ. ನಾನಂತೂ ಲವಂಗವನ್ನು ತೆಗೆದಿಡುವವನಲ್ಲ, ಕಣ್ಣಲ್ಲಿ ನೀರು ಬಂದರೂ ಅಗಿದು ನುಂಗುತ್ತೇನೆ. ರುಚಿಗಾಗಿ ಹೀಗೆ ಮಾಡುತ್ತೇನೆಂದು ತಿಳಿಯಬೇಡಿ, ಇದು ನಾನು ಹಿಡಿದ ವ್ರತ. ಎಲ್ಲ ವ್ರತಗಳಿಗೂ ಒಂದು ಕಥೆಯಿರುವಂತೆ ಇದಕ್ಕೂ ಇದೆ.

ಸಂಸ್ಕೃತದಲ್ಲಿ ಲವಂಗಕ್ಕೆ ದೇವಕುಸುಮವೆಂಬ ಹೆಸರುಂಟು. ಅರಳುವ ಮೊದಲೇ ಕಿತ್ತು ಬಿಸಿಲಿಗೆ ಒಣಹಾಕಿದ ಮೊಗ್ಗಿಗೆ ಕುಸುಮವೆಂಬ ಬಿರುದು ಕೊಟ್ಟದ್ದು ಪಶ್ಚಾತ್ತಾಪದಿಂದಲೋ ಏನೋ ತಿಳಿಯದು. ರಾಜಾಜಿನಗರದ ಎರಡನೇ ಬ್ಲಾಕಿನ ನಮ್ಮ ಮನೆಯಲ್ಲಿ ಅಮ್ಮ ಪಾಕಶಾಲೆ, ವೈದ್ಯಶಾಲೆ, ಮಂತ್ರಶಾಲೆ ಎಂಬ ಮೂರು ಖಾತೆಗಳನ್ನೂ ಇದರ ಒಂದೇ ಡಬ್ಬಿಯಿಂದ ನಡೆಸುತ್ತಿದ್ದಳು. ಕೆಮ್ಮಿದರೆ ಲವಂಗವನ್ನು ದೀಪದ ಕುಡಿಯಲ್ಲಿ ಸುಟ್ಟು ಜೇನಿನಲ್ಲಿ ತೇದು ನೆಕ್ಕಿಸುವಳು. ಹೊಟ್ಟೆ ಉಬ್ಬರಿಸಿದರೆ ಕಷಾಯಕ್ಕೆ ಕುಟ್ಟಿ ಹಾಕುವಳು. ಹಬ್ಬದ ಕೇಸರಿಬಾತಿಗೆ ತುಪ್ಪದಲ್ಲಿ ಹುರಿದು ಬಿಡುವಳು. ನಾನು ಹೊಸ ಅಂಗಿ ತೊಟ್ಟು ಬೀದಿ ಸುತ್ತಿ ಬಂದರೆ ಉಪ್ಪು ಮೆಣಸಿನಕಾಯಿಯ ಜೊತೆ ಮುಖಕ್ಕೆ ನಿವಾಳಿಸಿ ಕೆಂಡಕ್ಕೆ ಹಾಕುವಳು. ಕೆಂಡದ ಮೇಲೆ ಅದು ಚಟ್ಟೆಂದು ಸಿಡಿದರೆ ದೃಷ್ಟಿ ಬಿಟ್ಟಿತೆಂದು ಅರ್ಥ. ಸಿಡಿಯದಿದ್ದರೆ ದೃಷ್ಟಿ ಬಲವಾಗಿದೆಯೆಂದು ಅರ್ಥಮಾಡಿ ಇನ್ನೊಂದನ್ನು ಹಾಕುವಳು. ಹೀಗಾಗಿ ಅವಳ ಶಾಸ್ತ್ರ ಸೋತದ್ದನ್ನು ನಾನು ಕಂಡಿಲ್ಲ. ಆದರೆ ಖಾತೆಗಳನ್ನು ಬೆರೆಸಕೂಡದೆಂಬುದು ಅವಳ ಕಟ್ಟುನಿಟ್ಟು. ಮಂತ್ರಿಸಿ ಕೊಟ್ಟ ಲವಂಗವನ್ನು ಬಾಯಿಗೆ ಹಾಕಿಕೊಂಡರೆ ಹೊರಟ ಕೆಲಸ ಕೆಡುತ್ತದೆ ಎನ್ನುತ್ತಿದ್ದಳು. ನಾನು ಕೆಟ್ಟದ್ದು ಈ ನಿಯಮವನ್ನು ಶ್ರದ್ಧೆಯಿಂದ ಪಾಲಿಸಿದ್ದರಿಂದ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ಕಾಲೇಜೊಂದರಲ್ಲಿ ಕನ್ನಡ ಪಾಠ ಹೇಳುತ್ತಿದ್ದ ನನಗೆ ಕೆಲಸ ಖಾಯಮಾದದ್ದೂ, ಬಲದವಡೆಯ ಕೊನೆಯ ಹಲ್ಲು ಹುಳುಕಾದದ್ದೂ, ಮನೆಯಲ್ಲಿ ಹೆಣ್ಣು ನೋಡಲು ಶುರುವಾದದ್ದೂ ಹೆಚ್ಚುಕಡಿಮೆ ಒಟ್ಟಿಗೆ. ಹಲ್ಲಿನ ಡಾಕ್ಟರು ಕಿತ್ತುಬಿಡೋಣವೆಂದರು. ಅವರ ಕೈಯ ಇಕ್ಕಳವನ್ನು ನೋಡಿದ ಮೇಲೆ, ಪಿತ್ರಾರ್ಜಿತವಾಗಿ ಬಂದ ಹಲ್ಲನ್ನು ಹಾಗೆಲ್ಲ ಕಳೆದುಕೊಳ್ಳಬಾರದೆಂಬ ಕುಲಾಭಿಮಾನ ನನ್ನಲ್ಲಿ ಜಾಗೃತವಾಯಿತು. ಹುಳುಕಿನ ಗುಂಡಿಗೆ ಒಂದು ಲವಂಗ ಒತ್ತಿಕೊಂಡು, ಅದರ ಉರಿಯಲ್ಲಿ ನೋವು ಮರೆತು, ಅರ್ಧ ಬಾಯಲ್ಲೇ ಪಾಠ ಹೇಳುತ್ತಾ ದಿನ ತಳ್ಳುತ್ತಿದ್ದೆ.

ವಿಜಯನಗರದ ಸಂಬಂಧವೊಂದು ಬಂತು. ಹಾವೇರಿ ಕಡೆಯ ಶಿವಭಕ್ತರ ಮನೆತನ, ಹುಡುಗಿಯ ತಂದೆ ನಿವೃತ್ತ ಶಿರಸ್ತೇದಾರರು, ಹುಡುಗಿ ಗಿರಿಜಾ ಬಿ.ಎಸ್ಸಿ. ಮುಗಿಸಿ ಶಾಲೆಯಲ್ಲಿ ಗಣಿತ ಹೇಳುತ್ತಿದ್ದಾಳೆ ಎಂದು ವರ್ತಮಾನ. ಮೊದಲ ಸಲ ಗಂಡಸರು ಹೋಗಿ ನೋಡಿ ಬರುವುದು ನಮ್ಮಲ್ಲಿ ರೂಢಿ. ಅಪ್ಪ ತೀರಿಕೊಂಡ ಮೇಲೆ ನಮ್ಮ ಮನೆಗೆ ಹಿರಿಯನಾಗಿದ್ದ ಸೋದರಮಾವನ ಜೊತೆ ನಾನು ಹೊರಟೆ. ಅಮ್ಮ ನನ್ನ ಜೇಬಿಗೆ ಮಂತ್ರಿಸಿದ ಲವಂಗವೊಂದನ್ನು ಅರಿಸಿನದ ಬಟ್ಟೆಯಲ್ಲಿ ಕಟ್ಟಿ ಇಟ್ಟಳು. ದವಡೆಗೆ ನಾನು ಇನ್ನೊಂದನ್ನು ಇಟ್ಟುಕೊಂಡೆ. ಹೀಗೆ ದೈವ, ವೈದ್ಯ ಎರಡೂ ಕಡೆಯಿಂದ ಭದ್ರನಾಗಿ ಹೋಗುತ್ತಿರುವಾಗ, ಕಾಮಾಕ್ಷಿಪಾಳ್ಯದ ಹತ್ತಿರ ಬಸ್ಸು ಒಂದು ಹಳ್ಳಕ್ಕೆ ಇಳಿದೆದ್ದ ರಭಸಕ್ಕೆ ದವಡೆಯ ಲವಂಗ ಹೊಟ್ಟೆಗೆ ಹೋಯಿತು.

ಅವರ ಮನೆ ತಲುಪುವ ಹೊತ್ತಿಗೆ ಹಲ್ಲು ತನ್ನ ಅಸ್ತಿತ್ವವನ್ನು ತಲೆಯ ತನಕ ಸ್ಥಾಪಿಸಿತ್ತು. ಕೇಸರಿಬಾತು ಬಂದಾಗ ಲವಂಗ ಸಿಕ್ಕೀತೆಂದು ಚಮಚದಲ್ಲಿ ಅಗೆದು ನೋಡಿದೆ. ದ್ರಾಕ್ಷಿ ಗೋಡಂಬಿಗಳಲ್ಲದೆ ಬೇರೆ ಸಂಪತ್ತೇನೂ ಸಿಗಲಿಲ್ಲ. ಶಿರಸ್ತೇದಾರರು ಕೇಳಿದ್ದಕ್ಕೆಲ್ಲ ತಲೆಯಾಡಿಸುತ್ತಾ ಗಂಭೀರನೆನಿಸಿಕೊಂಡೆ. ಗಿರಿಜಾ ಕಾಫಿ ತಂದುಕೊಟ್ಟು ಎದುರಿಗೆ ಕುಳಿತಳು. ಮಾವ ಒಂದು ಹಾಡು ಹೇಳಮ್ಮ ಎಂದಾಗ ಅವಳು, "ನಂಗೆ ಹಾಡೋಕೆ ಬರಲ್ಲ. ಬೇಕಾದ್ರೆ ಲೆಕ್ಕ ಮಾಡ್ತೀನಿ," ಎಂದಳು. ಅಷ್ಟು ಸಾಕಾಯಿತು. ಮದುವೆಯೆಂದಾದರೆ ಇವಳನ್ನೇ ಎಂದು ಅದೇ ಕುರ್ಚಿಯಲ್ಲಿ, ಅದೇ ನೋವಿನಲ್ಲಿ ನಾನು ನಿಶ್ಚಯಿಸಿಬಿಟ್ಟೆ.

ಆಮೇಲೆ ಗಿರಿಜಾಳ ಅಜ್ಜಿ, ಶಿರಸ್ತೇದಾರರ ತಾಯಿ, ತಾವೇ ಕಟ್ಟಿದ ವೀಳ್ಯಗಳನ್ನು ಬೆಳ್ಳಿ ತಟ್ಟೆಯಲ್ಲಿ ತಂದು ಮುಂದಿಟ್ಟರು. ಅಡಿಕೆ, ಸುಣ್ಣ, ಕೊಬ್ಬರಿ ಹಾಕಿ ಮಡಿಚಿದ ಎಲೆ. ಬಿಚ್ಚಿಕೊಳ್ಳದಂತೆ ಮೇಲೊಂದು ಲವಂಗ ಚುಚ್ಚಿತ್ತು. ಮರುಭೂಮಿಯಲ್ಲಿ ನೀರು ಕಂಡವನ ಹಾಗೆ ನಾನು ಅದನ್ನೇ ನೋಡಿದೆ. ಜೇಬಿನಲ್ಲಿ ಇನ್ನೊಂದು ಇತ್ತು, ನಿಜ. ಆದರೆ ಅದು ಮಂತ್ರದ ಖಾತೆಯದು, ಕಚ್ಚಿದರೆ ಹೊರಟ ಕೆಲಸ ಕೆಡುತ್ತದೆ, ಮತ್ತು ಈ ಕೆಲಸ ಕೆಡುವುದು ನನಗೆ ಸುತರಾಂ ಬೇಕಿರಲಿಲ್ಲ. ಆದ್ದರಿಂದ ಮಾವ ಭಾಷಣ ಮಾಡುತ್ತಿದ್ದಾಗ ಮೆಲ್ಲಗೆ ವೀಳ್ಯದ ಲವಂಗ ಕಿತ್ತು ದವಡೆಗೆ ಸೇರಿಸಿದೆ. ಎಲೆ ಬಿಚ್ಚಿಕೊಂಡಿತು. ಅಡಿಕೆ ಅಗಿಯುವ ಸ್ಥಿತಿಯಲ್ಲಿ ನಾನಿರಲಿಲ್ಲವಾದ್ದರಿಂದ ಅದನ್ನು ಹಾಗೆಯೇ ತಟ್ಟೆಯಂಚಿಗೆ ಇಟ್ಟು, ನೋವು ಇಳಿದ ಸಂತೋಷದಲ್ಲಿ ಎಲ್ಲರಿಗೂ ಕೈಮುಗಿದು ಹೊರಟುಬಂದೆ.

ಮುಂದಿನ ಶುಕ್ರವಾರ ಮಾವ ಮುಖ ಊದಿಸಿಕೊಂಡು ಬಂದ. "ಅವರು ಬೇರೆ ಕಡೆ ನೋಡ್ತಾರಂತೆ ಕಣೋ. ಭಾನುವಾರ ಮಹಾಲಕ್ಷ್ಮಿ ಲೇಔಟಿಂದ ಯಾರೋ ಇಂಜಿನಿಯರ್ ಬರ್ತಾನಂತೆ. ನೀನೇ ಬೇಡ ಅಂದ್ಯಂತಲ್ಲ."

"ನಾನು ಬಾಯೇ ಬಿಡಲಿಲ್ವಲ್ಲ ಮಾವ."

"ಬಾಯಲ್ಲಿ ಹೇಳಲಿಲ್ಲ, ತಟ್ಟೇಲಿ ಹೇಳಿದ್ಯಂತೆ."

ಆಗ ತಿಳಿಯಿತು. ಹೆಣ್ಣು ನೋಡಲು ಬಂದವನು ಆ ಮನೆಯ ವೀಳ್ಯವನ್ನು ಮಡಿಕೆ ಸಹಿತ ಬಾಯಿಗೆ ಹಾಕಿಕೊಂಡರೆ ಒಪ್ಪಿಗೆ. ಲವಂಗ ಕಿತ್ತು ಎಲೆ ಬಿಚ್ಚಿಟ್ಟರೆ, ಮಾತಿನ ನಿಷ್ಠುರಕ್ಕೆ ಅವಕಾಶವಿಲ್ಲದಂತೆ, ಬೇಡವೆಂದು ಅರ್ಥ. ಎಂಥ ನಾಜೂಕಿನ ಪದ್ಧತಿ ನೋಡಿ. ಕನ್ನಡದಲ್ಲಿ ಎಂ.ಎ. ಮಾಡಿದ ನಾನು, ನನಗೆ ತಿಳಿಯದ ಭಾಷೆಯಲ್ಲಿ, ನಾನು ಬಯಸಿದ್ದಕ್ಕೆ ಸಂಪೂರ್ಣ ವಿರುದ್ಧವಾದ ಮಾತನ್ನು ವ್ಯಾಕರಣಶುದ್ಧವಾಗಿ ಆಡಿಬಂದಿದ್ದೆ.

ಗಂಡಿನ ಕಡೆಯವರು ತಾವಾಗಿ ಮತ್ತೆ ಹೋಗುವುದೆಂದರೆ ಮಾನ ಹೋಗುವ ಕೆಲಸವೆಂದು ಮಾವ ಹೇಳಿದ. ಅಮ್ಮ ಪಕ್ಕದ ಮನೆಯವರ ದೃಷ್ಟಿಯೇ ಇದಕ್ಕೆಲ್ಲ ಕಾರಣವೆಂದು ಕೆಂಡಕ್ಕೆ ಲವಂಗ ಹಾಕಿದಳು. ಅದು ಸಿಡಿಯಲಿಲ್ಲ, ಇನ್ನೊಂದೂ ಸಿಡಿಯಲಿಲ್ಲ. ಡಬ್ಬಿ ಖಾಲಿಯಾಗುವ ಮೊದಲು ನಾನು ಹೇಳಿದೆ, "ಅಮ್ಮ, ನಾಳೆ ಸಾಯಂಕಾಲ ನಾನೇ ಹೋಗ್ತೀನಿ. ಬೇಡ ಅನ್ನೋದಾದ್ರೆ ನನ್ನ ಮುಖ ನೋಡಿ ಬೇಡ ಅನ್ನಲಿ." ಅಮ್ಮ ಡಬ್ಬಿಯ ಮುಚ್ಚಳ ಹಾಕಿದಳು. "ಹಾಗಾದ್ರೆ ಹಲ್ಲು ಕೀಳಿಸ್ಕೊಂಡು ಹೋಗೋ, ಮುಖ ಹಂಡೆ ಆಗಿದೆ," ಎಂದಳು. ಅದೊಂದು ಮಾತ್ರ ಸಾಧ್ಯವಿರಲಿಲ್ಲ. ನನ್ನ ಪರವಾಗಿ ನುಡಿಯಬಲ್ಲ ಏಕೈಕ ಸಾಕ್ಷಿ ಆ ಹಲ್ಲು. ಸಾಕ್ಷಿಯನ್ನು ಜೀವಂತವಾಗಿ ಹಾಜರುಪಡಿಸಬೇಕಾಗಿತ್ತು, ಅದೂ ಲವಂಗದ ಸಹಾಯವಿಲ್ಲದೆ. ಡಬ್ಬಿಯನ್ನು ಮುಟ್ಟಲಿಲ್ಲ. ಊದಿದ ಕೆನ್ನೆಯನ್ನು ಹೊತ್ತು, ಬಸ್ಸಿನ ಪ್ರತಿ ಕುಲುಕಿಗೂ ಕಣ್ಣು ಮುಚ್ಚುತ್ತಾ, ಶನಿವಾರ ಸಂಜೆ ವಿಜಯನಗರದಲ್ಲಿ ಇಳಿದೆ. ಅರ್ಧ ಕಟ್ಟಿದ ಮನೆಗಳೂ ಜಲ್ಲಿಯ ಗುಡ್ಡೆಗಳೂ ತುಂಬಿದ್ದ ಆ ಬೀದಿಯಲ್ಲಿ ನಡೆಯುವಾಗ ತಿರುಗಿ ಹೋಗಿಬಿಡೋಣವೆಂದು ಒಮ್ಮೆಯೂ ಅನಿಸಲಿಲ್ಲವೆಂದು ಹೇಳಿದರೆ ನೀವು ನಂಬಬೇಕು. ನನ್ನ ಜೀವಮಾನದಲ್ಲಿ ಹಾಗೆ ಅನಿಸದ ಸಂದರ್ಭ ಅದೊಂದೇ.

ಬಾಗಿಲಲ್ಲೇ ಅಜ್ಜಿ ಕುಳಿತಿದ್ದರು. "ಏನಪ್ಪಾ, ಮತ್ತ ಬಂದಿ?"

"ಅಜ್ಜಿ, ಅವತ್ತು ನಂಗೆ ಹಲ್ಲುನೋವಿತ್ತು. ಲವಂಗ ತೆಗೆದದ್ದು ಅದಕ್ಕೆ. ಪದ್ಧತಿ ಗೊತ್ತಿರಲಿಲ್ಲ. ದಯವಿಟ್ಟು ನಂಗೆ ಇನ್ನೊಂದು ವೀಳ್ಯ ಕೊಡಿ."

ಅಜ್ಜಿ ನನ್ನ ಕೆನ್ನೆಯನ್ನು ಕನ್ನಡಕ ಸರಿಪಡಿಸಿಕೊಂಡು ಪರೀಕ್ಷಿಸಿದರು. ಶಿರಸ್ತೇದಾರರು ಹಿಂದಿನಿಂದ ಬಂದು, ನಾಳೆ ಬರುವವರಿಗೆ ಮಾತು ಕೊಟ್ಟಾಗಿದೆಯಲ್ಲ ಎಂದು ಗೊಣಗಿದರು. ಅಜ್ಜಿ ಅವರನ್ನು ಕೈಯೆತ್ತಿ ತಡೆದರು. "ಹಲ್ಲು ನೋವಿದ್ರ ಅವತ್ತ ಹೇಳಬೇಕಿತ್ತು. ಇರಲಿ. ಅಡಿಕಿ ಸಹಿತ ಅಗದು ನುಂಗು, ನಿನ್ನ ಮನಸ್ಸು ಗಟ್ಟಿ ಐತಿ ಅಂತ ನಂಬತೀನಿ. ಗಿರಿಜಾ, ಒಂದು ವೀಳ್ಯ ಕಟ್ಕೊಂಡು ಬಾ."

ಒಳಗಿನಿಂದ ಅಡಕತ್ತರಿಯ ಸದ್ದು ಕೇಳಿತು. ಆ ಸದ್ದು ನನ್ನ ಹಲ್ಲಿನ ಮೂಲದಲ್ಲೇ ಆದಂತಿತ್ತು. ಗಿರಿಜಾ ತಟ್ಟೆ ತಂದು ನನ್ನ ಮುಂದೆ ಹಿಡಿದಳು, ಮುಖ ನೋಡಲಿಲ್ಲ. ನಾನು ವೀಳ್ಯವನ್ನು ಮಡಿಕೆ ಸಹಿತ ಎತ್ತಿ, ಬೇಕೆಂದೇ ಬಲದವಡೆಗೆ ಇಟ್ಟು, ಕಾಲಬೆರಳುಗಳನ್ನು ನೆಲಕ್ಕೆ ಒತ್ತಿ, ಕಚ್ಚಿದೆ.

ಅಡಿಕೆಯೇ ಇರಲಿಲ್ಲ. ಮೆತ್ತಗಿನ ಕೊಬ್ಬರಿ, ಸಕ್ಕರೆ, ಮತ್ತು ಅಡಿಕೆ ಇರಬೇಕಾದ ಜಾಗದಲ್ಲಿ ಇನ್ನೊಂದು ಲವಂಗ. ಅದು ನೇರವಾಗಿ ಹುಳುಕಿನ ಗುಂಡಿಗೆ ಹೋಗಿ ಕುಳಿತಿತು. ಕತ್ತರಿಸಿದ ಅಡಿಕೆ ಎಲ್ಲಿ ಹೋಯಿತೋ ಅವಳಿಗೇ ಗೊತ್ತು. ಅಜ್ಜಿ ನೋಡುತ್ತಿದ್ದುದರಿಂದ ನಾನು ಕಲ್ಲು ಅಗಿಯುವವನಂತೆ ನಟಿಸುತ್ತಾ ದವಡೆಯಾಡಿಸಿದೆ. ಕಣ್ಣಲ್ಲಿ ನೀರು ಸುರಿಯಿತು. ಅರ್ಧ ಲವಂಗದ ಖಾರಕ್ಕೆ, ಇನ್ನರ್ಧ ಸಂತೋಷಕ್ಕೆ. "ಗಟ್ಟಿ ಅದಾನ ಹುಡುಗ," ಎಂದು ಅಜ್ಜಿ ಮಗನ ಕಡೆ ತಿರುಗಿ ಹೇಳಿದರು. ಮಾರನೆಯ ದಿನ ಇಂಜಿನಿಯರಿಗೆ ಬರಬೇಡಿರೆಂದು ಹೇಳಿಕಳಿಸಿದರು. ಲಗ್ನಪತ್ರಿಕೆ ಅಚ್ಚಿಗೆ ಹೋಗುವ ಮೊದಲೇ ಡಾಕ್ಟರ ಇಕ್ಕಳಕ್ಕೆ ಸಾಕ್ಷಿಯನ್ನು ಒಪ್ಪಿಸಿ ಬಂದೆ.

ಮದುವೆಯಾದ ಮೇಲೆ ಒಂದು ದಿನ ಗಿರಿಜಾಳನ್ನು ಕೇಳಿದೆ, ನನಗೆ ಹಲ್ಲುನೋವೆಂದು ನೀನು ಯಾವಾಗ ನಂಬಿದೆ ಎಂದು. "ಮೊದಲನೇ ದಿನಾನೇ ಗೊತ್ತಿತ್ತು. ಬಿಸಿ ಕಾಫೀನ ಎಡಗಡೆಯಿಂದ ಕುಡೀತಿದ್ರಿ."

"ಮತ್ತೆ ಆಗಲೇ ಅಜ್ಜಿಗೆ ಹೇಳಬಾರದಿತ್ತಾ?"

"ನನ್ನನ್ನ ಯಾರು ಕೇಳಿದ್ರು?"

ಅವಳು ಅದನ್ನು ಸಿಟ್ಟಿನಿಂದ ಹೇಳಲಿಲ್ಲ, ಹೆರಳು ಹಾಕಿಕೊಳ್ಳುತ್ತಾ ಹೇಳಿದಳು. ನನಗೆ ಮಾತ್ರ ತುಂಬಾ ನಾಚಿಕೆಯಾಯಿತು. ನನ್ನ ಒಪ್ಪಿಗೆಯನ್ನು ಅರಿಯಲು ಎಲೆ, ಅಡಿಕೆ, ಲವಂಗಗಳ ಒಂದು ಶಾಸ್ತ್ರವೇ ಇತ್ತು; ಅವಳ ಅಜ್ಜಿ, ಅವಳ ಅಪ್ಪ, ನನ್ನ ಮಾವ, ನಾನು ಎಲ್ಲರೂ ಸೇರಿ ಆ ಶಾಸ್ತ್ರದ ಮೇಲೆ ಇಷ್ಟೆಲ್ಲ ಹೋರಾಡಿದೆವು. ಯಾರ ಸಲುವಾಗಿ ಹೋರಾಡಿದೆವೋ ಅವಳನ್ನು ತಟ್ಟೆಯಂಚಿಗೆ ಇಟ್ಟಿದ್ದೆವು. ಅವಳು ಕೂಡ ತನ್ನ ಉತ್ತರವನ್ನು ಎಲೆಯೊಳಗೇ ಮಡಿಚಿ ಕೊಡಬೇಕಾಯಿತು. ಪುಣ್ಯಕ್ಕೆ ನನ್ನ ದವಡೆಗೆ ಅದು ಅರ್ಥವಾಯಿತು.

ವ್ರತ ಹಿಡಿದದ್ದು ಅಂದಿನಿಂದ. ಹೀಗೆ ಲವಂಗದ ಪರವಾಗಿ ಇಷ್ಟು ವಾದಿಸುವ ನನ್ನ ಮನೆಯಲ್ಲೇ ಲವಂಗವನ್ನು ತಪ್ಪದೆ ತಟ್ಟೆಯಂಚಿಗೆ ಇಡುವ ಒಬ್ಬರಿದ್ದಾರೆ. ಗಿರಿಜಾಗೆ ಲವಂಗದ ಖಾರ ಸೇರುವುದಿಲ್ಲ. ನಿನ್ನೆ ರಾತ್ರಿಯೂ ಟೊಮೇಟೊ ಬಾತು; ಅವಳ ತಟ್ಟೆಯಂಚಿನಲ್ಲಿ ಒಂದು ಲವಂಗ. ಮೊದಲಾಗಿದ್ದರೆ ಕೈಚಾಚಿ ತೆಗೆದು ಬಾಯಿಗೆ ಹಾಕಿಕೊಂಡು ನನ್ನ ಉಪನ್ಯಾಸ ಆರಂಭಿಸುತ್ತಿದ್ದೆ. ಈಗ ಕೈ ಚಾಚುವ ಮೊದಲು, "ತಗೊಳ್ಲಾ?" ಎಂದು ಕೇಳುತ್ತೇನೆ. ಅವಳು ಯೋಚಿಸಿ ಉತ್ತರ ಹೇಳುವವರೆಗೆ ಕಾಯುತ್ತೇನೆ.