ಚೀಟಿಯಲ್ಲಿ ಹಿಡಿಯದ ಹೆಸರು

ಬಣ್ಣದ ವಿಷಯದಲ್ಲಿ ನನ್ನನ್ನು ಮೀರಿಸುವ ಕಣ್ಣು ಈ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. ಜಗಳೂರಿನ ಬಸ್ ಸ್ಟ್ಯಾಂಡಿನಲ್ಲಿ ನಿಂತು, ಹೊನ್ನಾಳಿಯಲ್ಲಿ ಹೊಳೆ ಇವತ್ತು ಯಾವ ಬಣ್ಣಕ್ಕೆ ಹರಿಯುತ್ತಿದೆ ಎಂದು ಹೇಳಬಲ್ಲೆ. ಮುಚ್ಚಿದ ಡಬ್ಬಿಯಲ್ಲಿರುವ ಮೆಣಸಿನಕಾಯಿ ಹಸಿರೋ ಕೆಂಪೋ ಎಂಬುದನ್ನು ಡಬ್ಬಿ ಅಲ್ಲಾಡಿಸಿಯೇ ತಿಳಿಯುತ್ತೇನೆ. ಇಂಥ ಕಣ್ಣಿನವನು ಹೇಳುತ್ತಿದ್ದೇನೆ, ನಂಬಿ: ಸಂತೇಬೆನ್ನೂರಿನ ಅಂತರಘಟ್ಟಮ್ಮನಿಗೆ ಅನ್ಯಾಯವಾಗಿದೆ. ಇದನ್ನು ಓದಿ ನಿಮ್ಮ ಕೈಯಲ್ಲಿ ಆರಿಹೋದ ಕಾಫಿ ಮತ್ತೆ ಕುದಿಯದಿದ್ದರೆ ನನ್ನ ಪೆನ್ನು ಮುರಿದು ಹಾಕುತ್ತೇನೆ.

ಬೆಳಕು ಇನ್ನೂ ಹರಿದಿಲ್ಲ. ಅಂತರಘಟ್ಟಮ್ಮ ಮನೆಯ ಮೆಟ್ಟಿಲ ಮೇಲೆ ಕೂತು, ಮೊರದಲ್ಲಿ ಒದ್ದೆ ಬಿಳಿ ಬಟ್ಟೆ ಹಾಸಿ, ಬಟ್ಟಲುಗಳಿಂದ ಮಣಿ ಸುರಿಯುತ್ತಿದ್ದಾರೆ. ಆ ಸದ್ದು ಕೇಳಿಯೇ ಊರಿನ ಹುಂಜಗಳು ಏಳುವುದು. ಒಳಗೆ ದೀಪವಿದೆ, ಫ್ಯಾನಿದೆ. ಆದರೂ ಬಣ್ಣ ಆರಿಸುವ ಕೆಲಸಕ್ಕೆ ಅವರು ಹೊರಗೇ ಕೂರಬೇಕು, ಹೊತ್ತು ಹುಟ್ಟುವುದನ್ನು ಕಾಯಬೇಕು.

"ಟ್ಯೂಬ್‌ಲೈಟ್ ಕೆಳಗೆ ಎಲ್ಲಾ ಬಣ್ಣನೂ ನಂಟರಂಗೆ ಕಾಣ್ತಾವೆ ಸಾರ್. ಬೆಳಕಿಗೆ ಬಂದ ಮ್ಯಾಲೇನೇ ಯಾವುದಕ್ಕೆ ಯಾವುದು ಆಗ್ಬರಲ್ಲ ಅಂತ ಗೊತ್ತಾಗಾದು."

ಅವರು ದಾರ ಮುಟ್ಟುವ ಮೊದಲು ಬಣ್ಣಗಳ ಬಳಗ ಕಟ್ಟುತ್ತಾರೆ. ಮೂರು ಬಣ್ಣ ಒಂದಕ್ಕೊಂದು ಹೊಂದಬೇಕು. ನಾಲ್ಕನೆಯದು ಹೊಂದಬಾರದು. ಅದಕ್ಕೆ ಅವರಿಟ್ಟ ಹೆಸರು ಜಗಳಗಂಟಿ. ಎಲ್ಲರೂ ಹೊಂದಿಕೊಂಡ ಸರ ಕೊರಳಲ್ಲಿ ಸತ್ತು ಮಲಗುತ್ತದಂತೆ. ಜಗಳಗಂಟಿ ಒಂದೆರಡು ಕಡೆ ತಲೆ ಹಾಕಿದರೆ ಉಳಿದವೂ ಎಚ್ಚರವಾಗಿರುತ್ತವಂತೆ. ಗಂಡ ತಿಪ್ಪೇಶಪ್ಪ ಮೆಕ್ಕೆಜೋಳದ ಚೀಲ ಹೊರುವ ಹಮಾಲರು. ಮನೆಯಲ್ಲಿ ಆ ಬಳಗದ ಲೆಕ್ಕ ಹಾಕಿದರೆ ಜಗಳಗಂಟಿ ಯಾರು ಎಂದು ಕೇಳಿದೆ. ಅವರು ಹೆಂಡತಿಯ ಕಡೆ ನೋಡಿ, ಟವೆಲ್ ಹೆಗಲಿಗೆ ಹಾಕಿಕೊಂಡು ಕೆಲಸಕ್ಕೆ ಹೊರಟರು.

ಅಂತರಘಟ್ಟಮ್ಮ ಬಣ್ಣ ಕಲಿತದ್ದು ಕೆರೆಬಿಳಚಿಯ ಶೆಡ್ಡುಗಳಲ್ಲಿ, ಅಡಿಕೆ ಸುಲಿಯುವ ಕೂಲಿಗೆ ಹೋಗುತ್ತಿದ್ದ ಕಾಲದಲ್ಲಿ. ಹಸಿಕಾಯಿಯ ಹಸಿರು, ಹಣ್ಣಡಿಕೆಯ ಕಿತ್ತಳೆ, ಅಡಿಕೆ ಬೇಯಿಸಿದ ನೀರು ಗಟ್ಟಿಯಾಗಿ ಬರುವ ಚೊಗರಿನ ಕಡುಗೆಂಪು: ಈ ಮೂರನ್ನು ಮಣಿಗಳಲ್ಲಿ ಹುಡುಕಿ ಮೊದಲ ಸರ ಪೋಣಿಸಿದರು, ಜಗಳಗಂಟಿಯಾಗಿ ಬಿಳಿ. ಅದು ಚನ್ನಗಿರಿ ಸರ. ಆಮೇಲೆ ತಾಲ್ಲೂಕಿಗೊಂದು ಸರ: ಜಗಳೂರಿಗೆ ಶೇಂಗಾ ಸಿಪ್ಪೆ, ಕೆಮ್ಮಣ್ಣಿನ ಧೂಳು, ಜಾಲಿ ಹೂವಿನ ಹಳದಿ. ಹೊನ್ನಾಳಿಗೆ ಮಳೆಗಾಲದ ಹೊಳೆಯ ರಾಡಿ, ಮರಳು, ನಡುವೆ ಮಿಂಚುಳ್ಳಿಯ ನೀಲಿ. ನ್ಯಾಮತಿಗೆ ಮೆಕ್ಕೆಜೋಳದ ಕಾಳು ಮತ್ತು ತೆನೆಯ ತುದಿಯಲ್ಲಿ ನೇತಾಡುವ ತಾಮ್ರದ ಕೂದಲು. ಇದುವರೆಗೆ ಅವರು ಪೋಣಿಸಿದ ಸರಗಳನ್ನು ಗಂಟು ಹಾಕಿದರೆ ನಾಲ್ಕೂ ತಾಲ್ಲೂಕನ್ನು ಸುತ್ತಿ, ಉಳಿದದ್ದರಲ್ಲಿ ಸೂಳೆಕೆರೆಗೆ ಬೇಲಿ ಹಾಕಬಹುದು ಎಂದು ನಾನು ಬರೆದುಕೊಂಡೆ. ದಿನಕ್ಕೆ ಎರಡು ಸರವಾದರೆ ಹೆಚ್ಚು, ಸಂಜೆಗೆ ಕತ್ತು ತಿರುಗುವುದಿಲ್ಲ ಎಂದು ಅವರು ತಿದ್ದಿದರು.

ಈಗ ಅನ್ಯಾಯಕ್ಕೆ ಬರೋಣ. ಸರಗಳು ದಾವಣಗೆರೆಯ ಒಂದು ಮಳಿಗೆಗೆ ಹೋಗುತ್ತವೆ. ಮಗಳು ಮಮತಾ ಈಚೆಗೆ ಗೋವಿನಕೋವಿಯಲ್ಲಿ ಗೆಳತಿಯ ಮದುವೆಗೆ ಹೋಗಿದ್ದಳು. ಮದುಮಗಳ ಕೊರಳಲ್ಲಿ ಅಮ್ಮನ ನ್ಯಾಮತಿ ಸರ! ಹಿಗ್ಗಿನಿಂದ ಡಬ್ಬಿ ಎತ್ತಿ ನೋಡಿದರೆ, ಒಳಗಿನ ಚೀಟಿಯಲ್ಲಿ ವಿನ್ಯಾಸ ಮಾಡಿದವರೆಂದು ಮಳಿಗೆಯ ಒಡತಿಯ ಹೆಸರು, ಪಕ್ಕದಲ್ಲಿ ನಗುವ ಫೋಟೋ. ಒಂದು ಮಣಿಯ ತೂತಿಗೂ ದಾರ ತೋರಿಸದ ಕೈ ಅದು. ಅಂತರಘಟ್ಟಮ್ಮ ಕೇಳಿಕೊಂಡದ್ದು ಒಂದೇ: ಆ ಚೀಟಿಯಲ್ಲಿ ತಮ್ಮ ಹೆಸರಿರಬೇಕು. ಅಷ್ಟುದ್ದದ ಹೆಸರು ಚೀಟಿಯಲ್ಲಿ ಹಿಡಿಯುವುದಿಲ್ಲ ಎಂದು ಉತ್ತರ ಬಂತು.

"ಚೀಟಿ ಸಣ್ಣದು ಅಂದ್ಲು ಆಯಮ್ಮ. ಚೀಟಿ ಏನು ದೇವ್ರು ಕೊಟ್ಟಿದ್ದಾ? ದೊಡ್ಡದು ಕತ್ತರಿಸಾಕೆ ಕೈ ಬರಲ್ವಾ? ನನ್ನ ಸರ ಹಿಡಿಸ್ತೈತೆ, ಹೆಸರು ಹಿಡಿಸಲ್ಲ."

ಪತ್ರಿಕೆಯವನು ನಾನಿದ್ದೇನಲ್ಲ, ಸಾಕ್ಷಿಗೆ ಬರುತ್ತೇನೆ ಎಂದು ಅಂತರಘಟ್ಟಮ್ಮನ ಜೊತೆ ದಾವಣಗೆರೆಗೆ ಹೊರಟೆ. ಮಳಿಗೆಯಲ್ಲಿ ಎರಡು ಚನ್ನಗಿರಿ ಸರ ತೂಗುತ್ತಿದ್ದವು. ಒಂದು ಅಂತರಘಟ್ಟಮ್ಮನದು, ಇನ್ನೊಂದು ಅದನ್ನು ನೋಡಿ ಮಳಿಗೆಯಲ್ಲೇ ಪೋಣಿಸಿದ್ದು. ಇವರದು ಯಾವುದೆಂದು ಹೇಳಿ ನೋಡೋಣ ಎಂದರು ಒಡತಿ. ನಾನು ಕಣ್ಣು ಮಿಟುಕಿಸುವುದರೊಳಗೆ ಸರ ಎತ್ತಿ ಹಿಡಿದೆ. ನನ್ನ ಗರ್ಜನೆಗೆ ಗಾಜಿನ ಕಪಾಟು ಬಿರುಕು ಬಿಟ್ಟಿತು. ಹೆದ್ದಾರಿಯಲ್ಲಿ ಲಾರಿಗಳು ನಿಂತವು. ಒಡತಿ ಅಂತರಘಟ್ಟಮ್ಮನ ಕಾಲಿಗೆ ಬಿದ್ದರು.

ಇಷ್ಟನ್ನು ಬರೆದು, ಅದೇ ಮೆಟ್ಟಿಲ ಮೇಲೆ ಕೂತು ಅವರಿಗೆ ಓದಿ ಹೇಳಿದೆ. ಅಂತರಘಟ್ಟಮ್ಮ ಮೊರ ಕೆಳಗಿಟ್ಟರು.

"ಗಾಜು ಒಡೆದದ್ದು ಇರ್ಲಿ. ಆಯಮ್ಮ ಕೊಟ್ಟ ಬಾದಾಮಿ ಹಾಲು ಕುಡಿದು, ಆಯಮ್ಮನ ಸರನೇ ಎತ್ತಿ ನಂದು ಅಂದ್ರಲ್ಲ, ಅದನ್ಯಾಕೆ ಬರೀಲಿಲ್ಲ ಸಾರ್? ಅವತ್ತಿಂದ ಹೊಟ್ಟೆ ಉರೀತೈತೆ ನಂಗೆ."

ಗಡಿಬಿಡಿಯಲ್ಲಿ ಕೈ ತಪ್ಪಿತು ಎಂದೆ. ಅವರು ಎರಡು ಬಟ್ಟಲು ಮುಂದೆ ತಳ್ಳಿ, ಚೊಗರು ಯಾವುದು ಎಂದರು. ನಾನು ಗತ್ತಿನಿಂದ ಒಂದನ್ನು ಮುಟ್ಟಿದೆ. ಮಮತಾ ಬಾಯಿಗೆ ಕೈ ಅಡ್ಡ ಹಿಡಿದಳು. ಅಂತರಘಟ್ಟಮ್ಮ ನನ್ನ ಬೆನ್ನು ತಿರುಗಿಸಿ, ಬಟ್ಟಲು ಅದಲುಬದಲು ಮಾಡಿ ಮತ್ತೆ ಕೇಳಿದರು. ಮತ್ತೆ ಹಸಿಕಾಯಿಯ ಹಸಿರನ್ನೇ ಮುಟ್ಟಿದೆನಂತೆ.

ನಿಜ ಹೇಳುತ್ತೇನೆ. ನನಗೆ ಹುಟ್ಟಿನಿಂದ ಹಸಿರು, ಕೆಂಪು ಬೇರೆಬೇರೆಯಾಗಿ ಕಾಣುವುದಿಲ್ಲ. ಮೇಲೆ ಬರೆದ ಬಣ್ಣಗಳೆಲ್ಲ ಅಮ್ಮ ಮಗಳು ಹೇಳಿದ್ದು. ಗಾಜು ಒಡೆಯಲಿಲ್ಲ, ಲಾರಿ ನಿಲ್ಲಲಿಲ್ಲ. ನಾನು ತಪ್ಪು ಸರ ಎತ್ತಿದೆ. ಅಂತರಘಟ್ಟಮ್ಮ ತಮ್ಮದನ್ನು ಮುಟ್ಟಿ ತೋರಿಸುವಷ್ಟರಲ್ಲಿ, ನಿಮ್ಮ ಸಾಕ್ಷಿಗೇ ಗೊತ್ತಿಲ್ಲವಲ್ಲ ಎಂದು ಒಡತಿ ನಕ್ಕು ಕಪಾಟಿಗೆ ಬೀಗ ಹಾಕಿದರು. ಚೀಟಿ ಇವತ್ತಿಗೂ ಅದೇ ಚೀಟಿ.

ಅಂತರಘಟ್ಟಮ್ಮನ ಸಿಟ್ಟು ಇಳಿಯಲಿಲ್ಲ. "ದುಡ್ಡು ತಿಂದಿದ್ರೆ ಬೈದು ಸುಮ್ನಾಗ್ತಿದ್ದೆ. ಕಾಣಲ್ಲ ಅಂತ ಹೇಳಾಕೆ ಏನಾಗಿತ್ತು ನಿಮಗೆ? ನಾನೇ ಎತ್ತಿ ತೋರಿಸ್ತಿದ್ನಲ್ಲ." ನಾನು ಎದ್ದು ಹೊರಟೆ. ಹಿಂದಿನಿಂದ ಕರೆದರು. "ಕಪ್ಪು ಬಿಳುಪು ಕಾಣ್ತೈತಾ?"

ಕಾಣುತ್ತದೆ ಎಂದೆ.

"ಪೇಪರ್ ಅಗಲ ಐತಲ್ಲ. ಹಂಗಾದ್ರೆ ಒಂದಕ್ಷರ ಬಿಡದಂಗೆ ಬರೀರಿ."

ಆ ಸರಗಳ ಬಣ್ಣ ಆರಿಸಿದವರು, ಪೋಣಿಸಿದವರು: ಸಂತೇಬೆನ್ನೂರಿನ ಅಂತರಘಟ್ಟಮ್ಮ.