ಕೆಂಪು ಹಸಿರು ತಿಳಿಯದ ನೇಕಾರ

ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷ, ಅಂದರೆ ಐವತ್ತೇಳನೆಯ ಇಸವಿಯಲ್ಲಿ, ಮುದ್ದಯ್ಯನಿಗೆ ಮದುವೆಯಾಯಿತು. ಆಗ ಅವನಿಗೆ ಇಪ್ಪತ್ತಮೂರು ವಯಸ್ಸು. ರೇಷ್ಮೆ ಸೀರೆ ನೇಯುವುದರಲ್ಲಿ ಅವನ ಕೈ ಬಹಳ ನಯ ಎಂದು ಬೀದಿಯವರೆಲ್ಲ ಒಪ್ಪುತ್ತಿದ್ದರು. ಅವನ ಕಣ್ಣಿಗೆ ಕೆಂಪೂ ಹಸಿರೂ ಬೇರೆಬೇರೆಯಾಗಿ ಕಾಣುವುದಿಲ್ಲ ಎಂಬುದು ತಾಯಿ ಚೆಲುವಮ್ಮನೊಬ್ಬಳಿಗೇ ಗೊತ್ತಿತ್ತು.

ಚಿಕ್ಕಂದಿನಲ್ಲಿ ಹಣ್ಣು ಮೆಣಸಿನಕಾಯಿ ಬಿಡಿಸಿಕೊಂಡು ಬಾ ಎಂದರೆ ಅವನು ಕಾಯಿ, ಹಣ್ಣು ಎರಡನ್ನೂ ಕಿತ್ತು ತರುತ್ತಿದ್ದ. ಚೆಲುವಮ್ಮ ಮೊದಮೊದಲು ಬೈದಳು. ಆಮೇಲೆ ಅವಳಿಗೇ ತಿಳಿಯಿತು. ಬಣ್ಣವನ್ನೇ ನಂಬಿ ಬದುಕುವ ಮನೆಯಲ್ಲಿ ಇದನ್ನು ಯಾರ ಮುಂದೆ ಹೇಳುವುದು? ಮಗ ಮಗ್ಗಕ್ಕೆ ಕೂತ ದಿನದಿಂದ ಅವಳೂ ಪಕ್ಕದಲ್ಲಿ ಕೂತಳು. ಲಾಳಿಗೆ ಹಾಕುವ ನೂಲಿನ ಕಂಡಿಕೆಗಳನ್ನು ತಾನೇ ಸುತ್ತಿ, ಒಂದಾದ ಮೇಲೊಂದನ್ನು ಅವನ ಕೈಗಿಡುತ್ತಿದ್ದಳು. ವಯಸ್ಸಾದವಳು ಮಗನಿಗೆ ನೆರವಾಗುತ್ತಾಳೆ ಎಂದುಕೊಂಡು ಜನ ಸುಮ್ಮನಿದ್ದರು.

ಹೆಂಡತಿ ದೇವೀರಮ್ಮ ಯಳಂದೂರಿನವಳು. ಅವಳ ಸೀಮಂತಕ್ಕೆ ಹಸಿರು ಬಳೆ ತರಲು ಹೋದ ಮುದ್ದಯ್ಯ ಕೆಂಪು ಬಳೆ ತಂದ. ನೆಂಟರು ನಕ್ಕರು, ದೇವೀರಮ್ಮ ಒಳಗೆ ಹೋಗಿ ಕಣ್ಣೊರೆಸಿಕೊಂಡಳು. ಅದಾಗಿ ಅವಳು ಹೆರಿಗೆಗೆ ತವರಿಗೆ ಹೋದಳು. ಇತ್ತ ಚೆಲುವಮ್ಮ ಜ್ವರ ಬಂದು ಹತ್ತೇ ದಿನದಲ್ಲಿ ತೀರಿಕೊಂಡಳು.

ಮಗ್ಗದ ಮೇಲೆ ಮುಳ್ಳೂರಿನ ಜಮೀನುದಾರ ಶಿವಮಲ್ಲಪ್ಪನವರ ಮಗಳ ಧಾರೆ ಸೀರೆ ಅರ್ಧಕ್ಕೆ ನಿಂತಿತ್ತು. ಕೆಂಪು ಒಡಲು, ಹಸಿರು ಸೆರಗು. ತಾಯಿಯ ಕರ್ಮಾಂತರ ಮುಗಿಸಿ ಬಂದ ಮುದ್ದಯ್ಯ ತಾನೇ ಕಂಡಿಕೆ ಆರಿಸಿಕೊಂಡು ನೇಯತೊಡಗಿದ. ನಾಲ್ಕನೆಯ ದಿನ ಯಜಮಾನ ನಂಜುಂಡಯ್ಯ ನೋಡಲು ಬಂದರು. ಅವರು ಮುದ್ದಯ್ಯನಿಗೆ ದೂರದ ನೆಂಟಸ್ತಿಕೆಯಲ್ಲಿ ದೊಡ್ಡಪ್ಪನಾಗಬೇಕು. ಮಗ್ಗ, ನೂಲು ಎಲ್ಲ ಅವರದೇ. ಸೆರಗಿಗೆಂದು ಇಟ್ಟಿದ್ದ ಹಸಿರು ನೂಲು ಒಡಲಿನ ಕೆಂಪು ಎಳೆಗಳೊಂದಿಗೆ ಹೆಣೆದುಕೊಂಡು, ಅಲ್ಲಲ್ಲಿ ಕಂದು ಪಟ್ಟೆಗಳು ಬಿದ್ದಿದ್ದವು.

"ಕುಡ್ಕಂಡು ಮಗ್ಗಕ್ಕೆ ಕೂತಿದ್ಯೇನ್ಲಾ?" ಎಂದು ನಂಜುಂಡಯ್ಯ ಗದರಿದರು.

ಹೆಂಡ ಮುಟ್ಟದ ಮುದ್ದಯ್ಯ ತಲೆ ತಗ್ಗಿಸಿ, "ಊಂ ದೊಡ್ಡಪ್ಪ" ಎಂದ. ಕುಡುಕನಾದರೆ ಇಂದಲ್ಲ ನಾಳೆ ಸರಿಹೋದಾನು ಎನ್ನುತ್ತಾರೆ. ಬಣ್ಣ ಕಾಣದವನಿಗೆ ಯಾರು ಮಗ್ಗ ಕೊಡುತ್ತಾರೆ?

"ಎದ್ದೇಳು. ಇನ್ ನನ್ನ ಮಗ್ಗ ಮುಟ್ಬ್ಯಾಡ."

ಮುದ್ದಯ್ಯ ಬಿಳಿಗಿರಿರಂಗನ ಬೆಟ್ಟದ ಕಡೆ ಬಿದಿರು ಕಡಿಯುವ ಕೂಲಿಗೆ ಹೋದ. ಮೂರು ತಿಂಗಳಲ್ಲಿ ಅಂಗೈ ಒಡೆದು ಒರಟಾಯಿತು. ದೇವೀರಮ್ಮ ಹೆಣ್ಣು ಮಗು ಎತ್ತಿಕೊಂಡು ಕೊಳ್ಳೇಗಾಲಕ್ಕೆ ಬಂದಾಗ ಗಂಡ ಕುಡುಕನಾದ ಸುದ್ದಿ ಬಸ್ ಸ್ಟ್ಯಾಂಡಿನಲ್ಲೇ ಸಿಕ್ಕಿತು. ಬೆಟ್ಟದಿಂದ ಅವನನ್ನು ಕರೆಸಿದಳು.

"ನೀವು ಕುಡ್ಯೋರಲ್ಲ. ಏನಾಯ್ತು ಯೋಳಿ."

ಮುದ್ದಯ್ಯ ಮಗುವಿನ ಕೈ ಹಿಡಿದುಕೊಂಡು ಹೇಳಿದ. "ನಂಗೆ ಕೆಂಪು ಯಾವ್ದು, ಅಸುರು ಯಾವ್ದು ಗೊತ್ತಾಗಾಕಿಲ್ಲ ಕಣಮ್ಮಿ. ಅವ್ವ ಇದ್ಲು, ನಡೀತಿತ್ತು."

ದೇವೀರಮ್ಮನಿಗೆ ಬಳೆಯ ಸಂಗತಿ ತಟ್ಟನೆ ಹೊಳೆಯಿತು. ಅವಳು ಅಂದು ಅತ್ತಿದ್ದಕ್ಕೆ ಇಂದು ನಾಚಿಕೊಂಡಳು. ಮಗುವನ್ನು ಅವನ ತೊಡೆಯ ಮೇಲಿಟ್ಟು ನೇರ ನಂಜುಂಡಯ್ಯನವರ ಮನೆಗೆ ನಡೆದಳು.

"ಮಾವ, ಇವ್ರು ಕುಡೀಲಿಲ್ಲ. ಇವ್ರ ಕಣ್ಗೆ ಬಣ್ಣ ತಿಳಿಯಾಕಿಲ್ಲ. ಅತ್ತೆ ಮಾಡ್ತಿದ್ದ ಕೆಲ್ಸ ನಾನು ಮಾಡ್ತೀನಿ. ಕೆಂಪಿನ್ ಕಂಡಿಕೆಗೆ ಒಂದ್ ಗಂಟು, ಅಸುರಿಗೆ ಎಲ್ಡು. ಬೆರಳಲ್ಲಿ ಮುಟ್ಟಿ ನೋಡ್ಕತಾರೆ."

ನಂಜುಂಡಯ್ಯನವರಿಗೆ ನಂಬಿಕೆ ಬರಲಿಲ್ಲ. ಆದರೂ ಅಷ್ಟು ನಯವಾದ ಕೈ ಬಿದಿರು ಕಡಿಯುತ್ತಿದೆ ಎಂಬುದು ಅವರಿಗೂ ಚುಚ್ಚುತ್ತಿತ್ತು. ಒಪ್ಪಿದರು. ಒರಟು ಕೈ ತಾಗಿದರೆ ರೇಷ್ಮೆ ಎಳೆ ಸಿಕ್ಕಿ ಹರಿಯುತ್ತದೆ. ಒಂದು ತಿಂಗಳು ಹರಳೆಣ್ಣೆ ಹಚ್ಚಿ ಅಂಗೈ ಮೆತ್ತಗಾದ ಮೇಲೆಯೇ ಮುದ್ದಯ್ಯ ಮತ್ತೆ ಲಾಳಿ ಹಿಡಿದ. ಸುದ್ದಿ ಊರಿಗೆಲ್ಲ ಹರಡಿತ್ತು. ಕೆಲವರು ತಮ್ಮ ಅಂಗಿ ತೋರಿಸಿ, "ಇದ್ಯಾವ್ ಬಣ್ಣ ಯೋಳ್ಲಾ" ಎಂದು ಕೆಣಕುತ್ತಿದ್ದರು. ಅವನು ಬಗ್ಗಿ ಲಾಳಿ ಎಸೆಯುತ್ತಲೇ ಇರುತ್ತಿದ್ದ.

ಅರವತ್ಮೂರನೆಯ ಇಸವಿಯಲ್ಲಿ ನಂಜುಂಡಯ್ಯ ಹೊಸ ಮಾದರಿಯ ಸೀರೆ ನೇಯಿಸಿದರು. ಅರಗಿನ ಕೆಂಪಿನ ಒಡಲ ತುಂಬ ಎಲೆ ಹಸಿರಿನ ಸಣ್ಣ ಹೂವಿನ ಬುಟ್ಟಾ. ಎಲ್ಲರೂ ಕೈಯಲ್ಲಿ ಹಿಡಿದು ಹೊಗಳಿದರು. ಮುದ್ದಯ್ಯ ಮಾತ್ರ, "ಇದ್ರಲ್ಲಿ ಬುಟ್ಟಾ ಎಲ್ಲದೆ ದೊಡ್ಡಪ್ಪ?" ಎಂದ. ನಂಜುಂಡಯ್ಯನವರೂ ಸೇರಿ ಜಗಲಿಯಲ್ಲಿದ್ದವರೆಲ್ಲ ಹೊಟ್ಟೆ ಹಿಡಿದು ನಕ್ಕರು.

ಅಂಗಡಿಗಳಿಗೆ ಹೋದ ಆ ಸೀರೆಗಳಲ್ಲಿ ಮುಕ್ಕಾಲು ಪಾಲು ತಿರುಗಿ ಬಂದವು. ಉಟ್ಟು ನಿಂತರೆ ಮಂಕಾಗಿ ಕಾಣುತ್ತದೆ ಎಂಬುದು ಕೊಳ್ಳುವವರ ದೂರು. ನಂಜುಂಡಯ್ಯ ಒಂದು ಸೀರೆಯನ್ನು ಹಗ್ಗದ ಮೇಲೆ ಹರವಿ ಇಪ್ಪತ್ತು ಹೆಜ್ಜೆ ಹಿಂದೆ ಸರಿದು ನೋಡಿದರು. ಬುಟ್ಟಾಗಳು ಒಡಲಿನಲ್ಲಿ ಮುಳುಗಿಹೋಗಿದ್ದವು. ಕೆಂಪೆಷ್ಟು ಗಾಢವೋ ಹಸಿರೂ ಅಷ್ಟೇ ಗಾಢ. ಗಾಢ, ತಿಳಿ ಎಂಬುದಷ್ಟನ್ನೇ ಕಾಣುವ ಮುದ್ದಯ್ಯ ಅಂದು ಬುಟ್ಟಾ ಎಲ್ಲಿದೆ ಎಂದು ಕೇಳಿದ್ದು ನೆನಪಾಯಿತು. ಅವರು ಮುದ್ದಯ್ಯನನ್ನು ಕರೆದು ಹಸಿರು ನೂಲಿನ ಏಳೆಂಟು ಲಡಿಗಳನ್ನು ಮುಂದಿಟ್ಟರು.

"ನಿನ್ ಕಣ್ಗೆ ಎಂಗ್ ಕಾಣ್ತದೋ ಅಂಗೇ ಯೋಳಪ್ಪ."

ಮುದ್ದಯ್ಯ ಒಂದೊಂದನ್ನೂ ಸೀರೆಯ ಮೇಲಿಟ್ಟ. "ಇದು ಒಳೀಕ್ ಓಯ್ತದೆ. ಇದೂ ಅಷ್ಟೇ. ಇದು ಎದ್ ಕಾಣ್ತದೆ ನೋಡಿ." ಅವನ ಬೆರಳಿದ್ದದ್ದು ಬಾಳೆಯ ಸುಳಿಯಂಥ ಎಳೆ ಹಸಿರಿನ ಮೇಲೆ. ಆ ಹಸಿರಿನಲ್ಲಿ ನೇಯ್ದ ಸೀರೆಗಳು ಅಂಗಡಿಯಲ್ಲಿ ಉಳಿಯಲಿಲ್ಲ. ನಂಜುಂಡಯ್ಯ ಅದೇ ಜಗಲಿಯಲ್ಲಿ ಎಲ್ಲರೆದುರು, "ನಾ ಅವತ್ತು ನಗಬಾರ್ದಾಗಿತ್ತು ಕಣ್ಲಾ" ಎಂದರು.

ಅಂದಿನಿಂದ ಹೊಸ ಸೀರೆ ಹೂಡುವ ಮುಂಚೆ ಲಡಿಗಳು ಮುದ್ದಯ್ಯನ ಮನೆಗೆ ಬರುತ್ತಿದ್ದವು. ಯಾವ ಬಣ್ಣಕ್ಕೆ ಯಾವ ಬಣ್ಣ ಹೊಂದುತ್ತದೆ ಎಂದು ದೇವೀರಮ್ಮ ಜೋಡಿಸುವಳು. ಯಾವುದು ಮುಳುಗುತ್ತದೆ, ಯಾವುದು ಏಳುತ್ತದೆ ಎಂದು ಅವನು ಹೇಳುವನು. ಇಬ್ಬರೂ ಒಪ್ಪದ ಜೋಡಿ ಮಗ್ಗಕ್ಕೆ ಏರುತ್ತಿರಲಿಲ್ಲ.

ಎಪ್ಪತ್ತಾರನೆಯ ಇಸವಿಯಲ್ಲಿ ಮಗಳು ಭಾಗ್ಯಮ್ಮನ ಮದುವೆ ಗೊತ್ತಾಯಿತು. ಕೆಂಪು ಒಡಲಿನ, ಎಳೆ ಹಸಿರು ಅಂಚಿನ ಅವಳ ಧಾರೆ ಸೀರೆಯನ್ನು ಅವನೇ ನೇಯಲು ಕೂತ. ಒಂದು ಮಧ್ಯಾಹ್ನ ಲಾಳಿ ನಿಲ್ಲಿಸಿ ಕೇಳಿದ:

"ಕೆಂಪು ಅಂದ್ರೆ ಎಂಗಿರ್ತದಮ್ಮಿ?"

ದೇವೀರಮ್ಮ ಯೋಚಿಸಿದಳು. ಬೆಂಕಿ ಎನ್ನಲೇ, ಕುಂಕುಮ ಎನ್ನಲೇ? ಅವೆಲ್ಲ ಅವನೂ ದಿನಾ ನೋಡುವಂಥವೇ. "ದಿನಾ ನೋಡ್ತೀನಿ, ಆದ್ರೂ ಯೋಳಾಕೆ ಬರಾಕಿಲ್ಲ ಕಣ್ರೀ" ಎಂದಳು. ಅವನು "ಓಗ್ಲಿ ಬುಡು" ಎಂದು ಮತ್ತೆ ಲಾಳಿ ಎಸೆದ.

ಮದುವೆಯ ದಿನ ಮುದ್ದಯ್ಯ ಚಪ್ಪರದ ಆ ತುದಿಗೆ ಹೋಗಿ ನಿಂತು ಮಗಳನ್ನು ನೋಡಿದ. ಅಷ್ಟು ದೂರಕ್ಕೂ ಸೀರೆಯ ಅಂಚು ಅವನ ಕಣ್ಣಿಗೆ ಎದ್ದು ಕಾಣುತ್ತಿತ್ತು.