ಸಂಡಿಗೆಯ ಜೊತೆ ಒಣಗಿದ ಮೆಮೊರಿ ಕಾರ್ಡು

ನನ್ನ ಹೆಂಡತಿಯ ತಂದೆ, ಅಂದರೆ ನಮ್ಮ ಮಾವನವರು, ಯಾರನ್ನೂ ನೇರವಾಗಿ ನೋಡುತ್ತಿರಲಿಲ್ಲ. ಕತ್ತನ್ನು ಪೂರ್ತಿ ಎಡಕ್ಕೆ ತಿರುಗಿಸಿ, ಕೋಳಿ ಕಾಳು ನೋಡುವ ಹಾಗೆ ಬಲಗಣ್ಣಿನಿಂದ ಒಮ್ಮೆ ಅಳೆದು, ಆಮೇಲೆ ಮಾತಿಗೆ ಇಳಿಯುತ್ತಿದ್ದರು. ಹೊಸ ತಿಪ್ಪಸಂದ್ರದ ಮಾರುಕಟ್ಟೆ ರಸ್ತೆಯಲ್ಲಿ ಟೊಮೆಟೊ ಮಾರುವವಳಿಗೂ ಆ ನೋಟ ಗೊತ್ತಿತ್ತು. ಅವರು ದೂರದಲ್ಲಿ ಕಾಣಿಸಿಕೊಂಡರೆ ಸಾಕು, ಕೇಳದೆಯೇ ತಕ್ಕಡಿಯನ್ನು ಅವರ ಕಡೆಗೆ ತಿರುಗಿಸಿ ಇಡುತ್ತಿದ್ದಳು. ಆ ನೋಟವನ್ನು ನಾನು ಮೊದಲು ಎದುರಿಸಿದ್ದು ಮದುವೆ ಮಾತುಕತೆಗೂ ಮುಂಚೆ. ನಾನು ಕಾಫಿ ಕುಡಿಯುವ ದರ್ಶಿನಿಯಲ್ಲಿ ಗೊತ್ತಿಲ್ಲದ ಹಿರಿಯರೊಬ್ಬರು ಪಕ್ಕದಲ್ಲೇ ನಿಂತು ನನ್ನ ಬೆರಳುಗಳನ್ನು ನೋಡುತ್ತಿದ್ದರು. ಸಿಗರೇಟಿನ ಕಲೆ ಇದೆಯೇ ಎಂದು ಹುಡುಕುತ್ತಿದ್ದರಂತೆ. ಅವರು ಇವರೇ ಎಂದು ನನಗೆ ತಿಳಿದದ್ದು ನಿಶ್ಚಿತಾರ್ಥದ ದಿನ.

ಅವರು ದುಡಿದದ್ದೆಲ್ಲ ವಿಮಾನ ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿ. ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕುವುದಕ್ಕೇ ಸಂಬಳ ಪಡೆದವರು. ಪಾಸಾಗದ ಬಿಡಿಭಾಗಕ್ಕೆ ಅಲ್ಲಿ ಕೆಂಪು ಚೀಟಿ ಕಟ್ಟುತ್ತಿದ್ದರಂತೆ. ನಿವೃತ್ತಿಯಾದ ಮೇಲೂ ಕೈ ಸುಮ್ಮನಿರಬೇಕಲ್ಲ, ಮನೆಯಲ್ಲಿ ಕೆಂಪು ದಾರ ಶುರುವಾಯಿತು. ಮಡಚಲು ಬಾರದ ಕೊಡೆಗೆ, ಸಡಿಲವಾದ ಕುಕ್ಕರಿನ ಗ್ಯಾಸ್ಕೆಟ್ಟಿಗೆ, ತಂದ ದಿನವೇ ಉದುರಿದ ಪೊರಕೆಗೆ ಎಲ್ಲಕ್ಕೂ ದಾರದ ಶಿಕ್ಷೆ. ದಾರ ಕಟ್ಟಿದ ವಸ್ತುವನ್ನು ಮನೆಯಲ್ಲಿ ಯಾರೂ ಬಳಸುವಂತಿರಲಿಲ್ಲ. ‘ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು’ ಎಂಬ ಗಾದೆಯನ್ನು ಅವರಷ್ಟು ಅಕ್ಷರಶಃ ತೆಗೆದುಕೊಂಡವರನ್ನು ನಾನು ಕಂಡಿಲ್ಲ. ನನಗೆ ದಾರ ಕಟ್ಟಲಿಲ್ಲ, ನಿಜ. ಹಾಗೆಂದು ಪಾಸಾದೆ ಅಂತ ನಾನೂ ಬೀಗಿದವನಲ್ಲ.

ಒಮ್ಮೆ ಹಳೆ ಮದರಾಸು ರಸ್ತೆಯಲ್ಲಿ ಬೈಕಿನವನೊಬ್ಬ ಅವರ ಕಾರಿಗೆ ಗೀರು ಹಾಕಿ, ತಪ್ಪು ಅವರದೇ ಎಂದು ಜಗಳಕ್ಕೆ ನಿಂತ. ಅಂದಿನಿಂದ ಮಾವನವರ ಲೆಕ್ಕದಲ್ಲಿ ರಸ್ತೆಯ ಮೇಲಿರುವವರೆಲ್ಲ ಸುಳ್ಳುಗಾರರು. ಅವರ ಸಂಕಟ ನೋಡಲಾರದೆ ಕಾರಿನ ಗಾಜಿಗೆ ಅಂಟಿಸುವ ಕ್ಯಾಮೆರಾ ಒಂದನ್ನು ಉಡುಗೊರೆ ಕೊಟ್ಟೆ. ಜೊತೆಗೆ ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಕ್ಕ ದೊಡ್ಡ ಮೆಮೊರಿ ಕಾರ್ಡನ್ನೂ ಕೊಟ್ಟೆ. ಕ್ಯಾಮೆರಾವನ್ನು ಪಕ್ಕಕ್ಕಿಟ್ಟು ಉಗುರಿನಷ್ಟಿದ್ದ ಆ ಕಾರ್ಡನ್ನು ಎತ್ತಿಕೊಂಡರು. ಕತ್ತು ತಿರುಗಿತು.

“ಇಷ್ಟ್ ಕಮ್ಮಿಗೆ ಇಷ್ಟೊಂದ್ ಜಾಗ ಯಾಕ್ ಕೊಡ್ತಾನೆ, ಅಳಿಯಂದ್ರೇ? ಅವನಿಗೇನು ನಮ್ಮ ಮೇಲೆ ಪ್ರೀತೀನಾ?”

ನನಗೆ ಸ್ವಲ್ಪ ಸಿಟ್ಟೇ ಬಂತು. ಅವರು ಲೆಕ್ಕಿಸಲಿಲ್ಲ. ನಮ್ಮ ಮದುವೆಯ ವಿಡಿಯೊವನ್ನು ಕಂಪ್ಯೂಟರಿನಿಂದ ಆ ಕಾರ್ಡಿಗೆ ಮತ್ತೆ ಮತ್ತೆ ನಕಲು ಮಾಡಿ, ಕಾರ್ಡು ತುಂಬಿತು ಎನ್ನುವವರೆಗೂ ತುಂಬಿಸಿದರು. ಆಮೇಲೆ ಒಂದೊಂದೇ ನಕಲನ್ನು ತೆರೆದು ನೋಡತೊಡಗಿದರು. ಮೊದಲ ಕೆಲವು ಮದುವೆಗಳು ಸುಗಮವಾಗಿ ನಡೆದವು. ಮುಂದಿನದು ಮಾಂಗಲ್ಯಧಾರಣೆಯವರೆಗೆ ಬಂದು ನಿಂತುಹೋಯಿತು. ಅದರಾಚೆಗಿನವು ತೆರೆದುಕೊಳ್ಳಲೇ ಇಲ್ಲ. ಮೇಲೆ ಬರೆದಿದ್ದಷ್ಟು ಜಾಗ ಅದರೊಳಗೆ ಇರಲೇ ಇಲ್ಲ. ಇದೆಯೆಂದು ಸುಳ್ಳು ಹೇಳುವಂತೆ ಮಾಡಿದ ನಕಲಿ ಕಾರ್ಡು ಅದು. ಮಾವನವರು ಗೆದ್ದ ಖುಷಿಯನ್ನು ತೋರಿಸಿಕೊಳ್ಳದೆ ಅದಕ್ಕೆ ಕೆಂಪು ದಾರ ಕಟ್ಟಿ ನನ್ನ ಕೈಗಿಟ್ಟರು.

ಮರುವಾರ ನನ್ನನ್ನೂ ಕರೆದುಕೊಂಡು ಶಿವಾಜಿನಗರಕ್ಕೆ ಹೋದರು. ಅಂಗಡಿಯವನು ತಾಳ್ಮೆಯ ಮನುಷ್ಯ. ಫೋನಿಗೆ ಹಾಕುವ ಕಾರ್ಡು ಅಪರೂಪಕ್ಕೆ ಫೋಟೊ ತೆಗೆಯುವುದಕ್ಕೆ ಸಾಕು, ಆದರೆ ಕಾರಿನ ಕ್ಯಾಮೆರಾ ಓಡುವಷ್ಟು ಹೊತ್ತೂ ಬರೆಯುತ್ತದೆ, ತುಂಬಿದರೆ ಹಳೆಯದನ್ನು ಅಳಿಸಿ ಅದರ ಮೇಲೇ ಬರೆಯುತ್ತದೆ, ಹೀಗೆ ಅಳಿಸಿ ಬರೆದು ಸಾದಾ ಕಾರ್ಡು ಬೇಗ ಸವೆದುಹೋಗುತ್ತದೆ ಎಂದು ವಿವರಿಸಿದ. ಇದಕ್ಕೆಂದೇ ಮಾಡಿದ ಬಾಳಿಕೆಯ ಕಾರ್ಡು ಬೇರೆಯೇ ಇದೆ, ಬಿಸಿಲನ್ನೂ ತಡೆಯುತ್ತದೆ ಎಂದು ಒಂದನ್ನು ಮುಂದಿಟ್ಟ. ಬಿಸಿಲು ತಡೆಯುತ್ತದೆ ಎಂದು ಡಬ್ಬದ ಮೇಲೆ ಬರೆದವರು ಅದನ್ನು ಮಾಡಿದವರೇ ತಾನೆ ಎಂದು ಮಾವನವರ ತಕರಾರು. ಎಷ್ಟು ಸಲ ಅಳಿಸಬಹುದು, ನಿಂತ ಕಾರಿನ ಒಳಗೆ ಎಷ್ಟು ಬೇಯಬಹುದು, ಇದರ ದೊಡ್ಡದು ಚಿಕ್ಕದರಲ್ಲಿ ಯಾವುದು ಹೆಚ್ಚು ಬಾಳುತ್ತದೆ ಎಂದು ಕೇಳಿದ್ದನ್ನೇ ತಿರುಗಿಸಿ ಕೇಳಿದರು. ದೊಡ್ಡದರಲ್ಲಿ ಅದೇ ಜಾಗಕ್ಕೆ ಮತ್ತೆ ಬರೆಯುವ ಸರದಿ ತಡವಾಗಿ ಬರುತ್ತದೆ, ಹಾಗಾಗಿ ಅದೇ ಬಾಳುತ್ತದೆ ಎಂದ ಅವನು, ಕೊನೆಗೆ ನನ್ನ ಕಡೆ ತಿರುಗಿ ನಕ್ಕ.

“ಸಾರ್ ಕಾರ್ಡ್ ತಗೋಳಕ್ ಬಂದಿದಾರಾ, ಹೆಣ್ ನೋಡಕ್ ಬಂದಿದಾರಾ?”

ಅವನ ಸ್ವಂತ ಕಾರಿನಲ್ಲಿ ಯಾವ ಕಾರ್ಡು ಹಾಕಿದ್ದಾನೆ ಎಂಬುದು ಮಾವನವರ ಕಡೆಯ ಅಸ್ತ್ರ. ತನಗೆ ಕಾರೇ ಇಲ್ಲ, ಇರುವುದು ಸ್ಕೂಟರ್ ಎಂದ. ಆ ಉತ್ತರ ಅವರಿಗೆ ಹಿಡಿಸಿತು. ಸುಳ್ಳು ಹೇಳಲಿಲ್ಲ, ಇವನ ಹತ್ತಿರ ಕೊಳ್ಳಬಹುದು ಎಂದು ದೊಡ್ಡದನ್ನೇ ಕೊಂಡರು. ರಸೆಲ್ ಮಾರುಕಟ್ಟೆ ದಾಟುವಾಗ ಹೂವಿನ ರಾಶಿಯ ಪಕ್ಕ ಥಟ್ಟನೆ ನಿಂತು, “ಕಾರಿಲ್ಲ ಅಂದಿದ್ದೂ ನಿಜಾನೋ ಏನೋ” ಎಂದರು.

ಆಗ ಬೇಸಿಗೆ. ಅತ್ತೆಯವರು ತಾರಸಿಯ ಮೇಲೆ ಸಂಡಿಗೆ ಒಣಹಾಕಿದ್ದರು. ಮಾವನವರು ಆ ಸಂಡಿಗೆಯ ಸಾಲಿನ ನಡುವೆ ಕಪ್ಪು ಡಬ್ಬದ ಮುಚ್ಚಳವಿಟ್ಟು, ಅದರ ಮೇಲೆ ಕಾರ್ಡನ್ನಿಟ್ಟರು. ಸಂಡಿಗೆ ಒಣಗುವಷ್ಟು ದಿನ ಅದೂ ಒಣಗಿತು. ಕಾಗೆ ಬಾರದಂತೆ ಕಾಯುವ ಕೆಲಸ ಗಂಡಹೆಂಡತಿ ಇಬ್ಬರದ್ದೂ. ಊಟಕ್ಕೆ ಕರೆದರೂ ಇಳಿಯದ ಗಂಡನನ್ನು ನೋಡಿ ಅತ್ತೆಯವರು, ತಮ್ಮನ್ನು ಕಟ್ಟಿಕೊಳ್ಳುವ ಮುಂಚೆ ಈ ಮನುಷ್ಯ ತಾರಸಿಯಲ್ಲಿ ಕೂರಿಸಿ ಪರೀಕ್ಷೆ ಮಾಡದಿದ್ದದ್ದು ಪುಣ್ಯ ಎಂದು ನನ್ನ ಹೆಂಡತಿಯ ಹತ್ತಿರ ಹೇಳಿಕೊಂಡರು. ಕಾರ್ಡು ಇಳಿದು ಬಂದು, ಮದುವೆಯ ವಿಡಿಯೊಗಳನ್ನೆಲ್ಲ ತುಂಬಿಸಿಕೊಂಡು, ಒಂದೂ ಬಿಡದೆ ಮಾಂಗಲ್ಯಧಾರಣೆ ಮುಗಿಸಿ ಪಾಸಾಯಿತು.

ಆದರೂ ಅವರು ನಂಬಲಿಲ್ಲ. ಪ್ರತಿ ಭಾನುವಾರ ಸ್ನಾನವಾದ ಮೇಲೆ ಕಾರ್ಡು ತೆಗೆದು ನೋಡುವ ಪದ್ಧತಿ ಇಟ್ಟುಕೊಂಡರು. ಒಂದು ಭಾನುವಾರ ನೋಡಿದರೆ ಹಿಂದಿನ ದಿನಗಳ ಚಿತ್ರಣವೇ ಇಲ್ಲ, ಕ್ಯಾಮೆರಾದ ಕೆಂಪು ದೀಪ ಮಾತ್ರ ಮಿಣುಕುತ್ತಿದೆ. ಕಾರಣ ನಮ್ಮ ರಸ್ತೆಗಳು. ಕಾರು ಜೋರಾಗಿ ಕುಲುಕಿದರೆ ಕ್ಯಾಮೆರಾ ಅದನ್ನು ಅಪಘಾತವೆಂದು ತಿಳಿದು ಆ ತುಣುಕನ್ನು ಅಳಿಸಬಾರದೆಂದು ಬೀಗ ಹಾಕಿಡುತ್ತದೆ. ಕೃಷ್ಣರಾಜಪುರದ ಕಡೆಯ ಗುಂಡಿಗಳೆಲ್ಲ ಅಪಘಾತಗಳಾಗಿ ಕಾರ್ಡಿನ ತುಂಬ ಬೀಗ ಬಿದ್ದು, ಹೊಸದಕ್ಕೆ ಜಾಗವೇ ಉಳಿದಿರಲಿಲ್ಲ. ಮಾವನವರು ಗುಂಡಿಗಳನ್ನೆಲ್ಲ ಅಳಿಸಿ, ಕ್ಯಾಮೆರಾ ಅಷ್ಟು ಬೇಗ ಬೆಚ್ಚಿಬೀಳದಂತೆ ಹೊಂದಿಸಿದರು. “ದೀಪ ಮಿಣುಕ್ತಿದೆ ಅಂದ್ರೆ ಕೆಲಸ ನಡೀತಿದೆ ಅಂತಲ್ಲ. ಆಫೀಸ್ನಲ್ಲೂ ಅಷ್ಟೇ” ಎಂದು ನನ್ನನ್ನೇ ನೋಡಿದರು. ಕುಂಬಳಕಾಯಿ ಕಳ್ಳನಂತೆ ನಾನು ಹೆಗಲು ಮುಟ್ಟಿಕೊಳ್ಳಲಿಲ್ಲ ಅಷ್ಟೆ.

ಅದಾಗಿ ವರ್ಷ ಕಳೆದಿರಬೇಕು. ತವರಿಗೆ ಹೋಗಿದ್ದ ಅತ್ತೆಯವರನ್ನು ಕೃಷ್ಣರಾಜಪುರದ ರೈಲು ನಿಲ್ದಾಣದಿಂದ ಕರೆತರಲು ಮಾವನವರು ಒಬ್ಬರೇ ಕಾರು ತೆಗೆದುಕೊಂಡು ಹೋದರು. ನಿಲ್ದಾಣಕ್ಕೆ ತಿರುಗುವ ಹತ್ತಿರ ಆಟೊ ಒಂದಕ್ಕೆ ಕಾರು ತಾಗಿತು. ಫೋನು ಬಂದು ನಾನು ತಲುಪುವ ಹೊತ್ತಿಗೆ ಜನ ಸೇರಿದ್ದರು. ಆಟೊ ಮಗುಚಿಬಿದ್ದಿತ್ತು. ಶಿವಾಜಿನಗರದ ಕಡೆಯ ಮಧ್ಯವಯಸ್ಸಿನ ಚಾಲಕರು ಬಲಗೈಯನ್ನು ಎದೆಗೆ ಒತ್ತಿ ಹಿಡಿದು ರಸ್ತೆಯ ಅಂಚಿನಲ್ಲಿ ಕೂತಿದ್ದರು. ಇಸ್ತ್ರಿ ಮಾಡಿದ ಅಂಗಿಯ ಮಾವನವರು ನಡುವೆ ನಿಂತು, ಇವನು ಎಲ್ಲಿಂದಲೋ ನುಗ್ಗಿ ಬಂದ, ನನ್ನ ಹತ್ತಿರ ಕ್ಯಾಮೆರಾ ಇದೆ ಎಂದು ಹೇಳುತ್ತಿದ್ದರು. ಜನವೂ ಹಿರಿಯರ ಮಾತಿಗೆ ತಲೆ ಆಡಿಸುತ್ತಿತ್ತು. ಚಾಲಕರು ದನಿ ಏರಿಸದೆ ಒಂದೇ ಮಾತು ಹೇಳಿದರು.

“ಸಾಬ್, ನಾನು ನಿಮ್ ಮುಂದೇನೇ ಇದ್ದೆ. ಕಾಣ್ಲಿಲ್ವಾ?”

ಅವರ ಮಣಿಕಟ್ಟಿನ ಮೂಳೆ ಮುರಿದಿತ್ತು. ಅತ್ತೆಯವರನ್ನು ಬೇರೆ ಆಟೊದಲ್ಲಿ ಮನೆಗೆ ಕಳಿಸಿ, ಆಸ್ಪತ್ರೆಯಲ್ಲಿ ಅವರಿಗೆ ಪಟ್ಟಿ ಹಾಕಿಸಿದೆವು. ಮರುದಿನ ಇಬ್ಬರೂ ಬನ್ನಿ, ಆ ಚಿತ್ರಣವನ್ನೂ ತನ್ನಿ ಎಂದು ಪೊಲೀಸರು ಹೇಳಿ ಕಳಿಸಿದರು. ಮನೆಗೆ ಬಂದವರೇ ಮಾವನವರು ಕೈಕಾಲು ತೊಳೆಯುವುದಕ್ಕೂ ನಿಲ್ಲದೆ ಕಾರ್ಡನ್ನು ನನ್ನ ಲ್ಯಾಪ್‌ಟಾಪಿಗೆ ಹಾಕಿಸಿದರು. ನನ್ನ ಹೆಂಡತಿ ಅವರ ಬೆನ್ನ ಹಿಂದೆ ನಿಂತಳು.

ಚಿತ್ರಣ ಸ್ಪಷ್ಟವಾಗಿತ್ತು. ಆಟೊ ಪರದೆಯ ಎಡ ಮೂಲೆಯಲ್ಲಿ ಬಹಳ ಹೊತ್ತಿನಿಂದ ಇತ್ತು. ನಿಧಾನವಾಗಿ, ತನ್ನ ಪಾಡಿಗೆ ತಾನು ಹೋಗುತ್ತಿತ್ತು. ಕಾರು ಅದರ ಸಮಕ್ಕೆ ಬಂತು, ಮತ್ತು ಅಲ್ಲಿ ಏನೂ ಇಲ್ಲವೆಂಬಂತೆ ಎಡಕ್ಕೆ ವಾಲಿತು.

ಅದು ನನಗೂ ನನ್ನ ಹೆಂಡತಿಗೂ ಕಂಡಿತು. ಮಾವನವರು ಮಾತ್ರ ಗೆದ್ದವರಂತೆ, “ನೋಡಿದ್ರಾ, ಆಟೋನೇ ಇರ್ಲಿಲ್ಲ. ಎಲ್ಲಿಂದ ಬಂದ?” ಎಂದರು.

ನಾನು ಇನ್ನೊಮ್ಮೆ ಹಾಕಿದೆ. ಮತ್ತೂ ಅದೇ ಮಾತು. ಕೊನೆಗೆ ಚಿತ್ರಣ ನಿಲ್ಲಿಸಿ, ಪರದೆಯ ಎಡ ಮೂಲೆಯ ಮೇಲೆ ಬೆರಳಿಟ್ಟೆ. ಮಾವನವರ ಕತ್ತು ನಿಧಾನವಾಗಿ ಎಡಕ್ಕೆ ತಿರುಗಿತು. ಆಟೊ ಅವರಿಗೆ ಕಂಡದ್ದು ಆಗ. ಅವರು ಕಾರ್ಡಿನ ಮೇಲೆ ಅನುಮಾನ ಪಟ್ಟರು, ತಾರೀಖಿನ ಮೇಲೆ ಪಟ್ಟರು, ಲೆನ್ಸು ಕೊಳೆಯಾಗಿತ್ತೇನೋ ಎಂದರು. ಆಮೇಲೆ ಕತ್ತನ್ನು ನೇರಮಾಡಿ ಪರದೆ ನೋಡಿದರು, ತಿರುಗಿಸಿ ನೋಡಿದರು, ಮತ್ತೆ ನೇರಮಾಡಿದರು. ಜೀವಮಾನವೆಲ್ಲ ಬಿಡಿಭಾಗಗಳನ್ನು ಹಾಗೆಯೇ ತಿರುತಿರುಗಿಸಿ ನೋಡಿದ್ದರೇನೋ. ನೇರ ನೋಡಿದರೆ ಆಟೊ ಇಲ್ಲ, ಕತ್ತು ತಿರುಗಿಸಿದರೆ ಇತ್ತು.

ನನ್ನ ಹೆಂಡತಿಗೆ ಅಳು ಬಂದಿತ್ತು. “ಅಪ್ಪ, ಕಾರ್ಡ್ ಕೆಟ್ಟೋಗಿದೆ ಅಂದ್ಬಿಡಪ್ಪ. ನಿನ್ ಮೇಲೆ ಯಾರ್ಗೂ ಅನುಮಾನ ಬರಲ್ಲ.”

ಯಾರಿಗೂ ಅನುಮಾನ ಬರುವುದಿಲ್ಲ ಎಂದದ್ದು ಸುಳ್ಳೇನೂ ಆಗಿರಲಿಲ್ಲ. ಈ ಕಾರ್ಡುಗಳು ಯಾವಾಗ ಬೇಕಾದರೂ ಸಾಯುತ್ತವೆ ಎಂದು ಬೀದಿಗೆಲ್ಲ ಸಾರಿದವರೇ ಅವರು. ಅವರು ಕೆಟ್ಟಿದೆ ಎಂದರೆ ಕೇಳುವವರಿರಲಿಲ್ಲ. ಕಾರು ಅವರ ಕಾಲುಗಳಿದ್ದ ಹಾಗೆ, ಅವರ ಮಾತಿಗೆ ಬೀದಿಯಲ್ಲಿ ಬೆಲೆಯಿತ್ತು. ಆ ಒಂದು ಮಾತು ಆಡಿದರೆ ಎರಡೂ ಉಳಿಯುತ್ತಿದ್ದವು. ಕೈ ಮುರಿದುಕೊಂಡವರ ಮಾತು ಮಾತ್ರ ಸುಳ್ಳಾಗುತ್ತಿತ್ತು. ಮಾವನವರು ಲ್ಯಾಪ್‌ಟಾಪಿನಿಂದ ಕಾರ್ಡನ್ನು ತೆಗೆದು ಮೇಜಿನ ಮೇಲಿಟ್ಟರು.

“ಕಾರ್ಡ್ ಪಾಸಾಗಿದೆ ಮಗಳೇ. ಫೇಲ್ ಆಗಿರೋದು ನಾನು.”

ಎದ್ದು ಹೋಗಿ ಅತ್ತೆಯವರ ಹೊಲಿಗೆ ಡಬ್ಬದಿಂದ ಕೆಂಪು ದಾರ ತಂದರು. ಕಾರಿನ ಕೀಗೆ ಅದನ್ನು ಕಟ್ಟಲು ಹೋದರು. ಮೊದಲ ಸಲ ಗಂಟು ಬೀಳಲಿಲ್ಲ. ಕಟ್ಟಿ ಮುಗಿಸಿ ನನ್ನ ಅಂಗೈಯಲ್ಲಿಟ್ಟರು. ನನಗೆ ಅಷ್ಟು ದುಃಖ ನನ್ನ ಸ್ವಂತ ಅಪ್ಪನ ವಿಷಯದಲ್ಲೂ ಆಗಿರಲಿಲ್ಲ.

ಮರುದಿನ ಠಾಣೆಯಲ್ಲಿ ಚಿತ್ರಣ ತೋರಿಸಿ, ಎಡ ಮೂಲೆಯ ಮೇಲೆ ತಾವೇ ಬೆರಳಿಟ್ಟರು. ಆಟೊ ಚಾಲಕರಿಗೆ ಎಲ್ಲರ ಎದುರೂ ಕೈಮುಗಿದರು. ಅಲ್ಲಿಂದ ಅವರು, ನಾನು, ನನ್ನ ಹೆಂಡತಿ ಮೂವರೂ ನೇರವಾಗಿ ಕಣ್ಣಾಸ್ಪತ್ರೆಗೆ ಹೋದೆವು. ಗ್ಲಾಕೋಮ ಎಂದರು ಡಾಕ್ಟರು. ಎಡಗಡೆಯ ನೋಟ ಎಷ್ಟೋ ಕಾಲದ ಹಿಂದೆಯೇ ಹೋಗಿತ್ತು. ನೋವಿಲ್ಲ, ಉರಿಯಿಲ್ಲ, ಅಂಚಿನಿಂದ ಕದ್ದುಕೊಂಡು ಬರುವ ಕಾಯಿಲೆ. ಹೋದದ್ದು ಕಳೆದುಕೊಂಡವರಿಗೂ ತಿಳಿಯುವುದಿಲ್ಲ, ಹೋದದ್ದನ್ನು ಮರಳಿ ತರಲೂ ಆಗುವುದಿಲ್ಲ. ನಾವು ಅನುಮಾನ ಎಂದು ನಗುತ್ತಿದ್ದ ಆ ಕತ್ತು ತಿರುಗಿಸುವ ನೋಟದಲ್ಲಿ ಅನುಮಾನವೆಷ್ಟಿತ್ತೋ, ಕಾಣದ್ದನ್ನು ಹುಡುಕುವ ಪಾಡು ಎಷ್ಟಿತ್ತೋ ನನಗೆ ಇಂದಿಗೂ ಗೊತ್ತಿಲ್ಲ.

ಇದು ಮಕ್ಕಳಿಗೂ ಬರಬಹುದು ಎಂದು ಡಾಕ್ಟರು ಹೇಳಿ ಮುಗಿಸುವ ಮುಂಚೆಯೇ ಮಾವನವರ ಕತ್ತು ಮಗಳ ಕಡೆ ತಿರುಗಿತ್ತು. ತನ್ನ ಕಣ್ಣು ಚೆನ್ನಾಗಿದೆ, ಗೋಡೆಯ ಮೇಲಿನ ಕಡೆಯ ಸಾಲನ್ನೂ ಓದುತ್ತೇನೆ ಎಂದು ಅವಳು ರೇಗಿದಳು. ಅವರು ತಮ್ಮ ಹಳೆಯ ಗಾದೆಯನ್ನು ಹೇಳಿ, ಅವಳನ್ನು ಕುರ್ಚಿಯಲ್ಲಿ ಕೂರಿಸಿಯೇ ಬಿಟ್ಟರು. ಅವಳ ಕಣ್ಣಿನೊಳಗೂ ಒತ್ತಡ ಏರಿತ್ತು. ಇನ್ನೂ ಏನೂ ಕಳೆದಿರಲಿಲ್ಲ. ದಿನವೂ ಹನಿ ಹಾಕಿಕೊಂಡರೆ ಹಿಡಿತದಲ್ಲಿ ಇಟ್ಟುಕೊಳ್ಳಬಹುದು ಎಂದರು ಡಾಕ್ಟರು.

ಮಾವನವರು ಮತ್ತೆ ಕಾರು ಮುಟ್ಟಲಿಲ್ಲ. ಕೈ ಕೂಡಿಕೊಂಡ ಮೇಲೆ ಅದೇ ಚಾಲಕರ ಆಟೊದಲ್ಲೇ ಹಲಸೂರಿನ ಮೇಲೆ ಹಾದು ಆಸ್ಪತ್ರೆಗೆ ಹೋಗಿಬರುತ್ತಿದ್ದರು. ದಾರಿಯುದ್ದಕ್ಕೂ ಮೀಟರಿನ ಮೇಲೆ ಅನುಮಾನ, ಹಿಡಿದ ಅಡ್ಡದಾರಿಯ ಮೇಲೆ ಅನುಮಾನ. ಆಟೊಗೂ ಒಂದು ಕ್ಯಾಮೆರಾ ಕೊಡಿಸಿದರು. ಅದರ ಕಾರ್ಡೂ ಅತ್ತೆಯವರ ಸಂಡಿಗೆಯ ಜೊತೆ ಒಣಗಿಯೇ ಹೋಯಿತು.

ಕಳೆದ ಚಳಿಗಾಲದಲ್ಲಿ ಅವರು ನಿದ್ದೆಯಲ್ಲೇ ಹೋದರು. ಸುದ್ದಿ ತಿಳಿದು ಬಂದ ಆಟೊ ಚಾಲಕರು ಅಂಗಳದಲ್ಲಿ ನಿಂತು ಕಣ್ಣೊರೆಸಿಕೊಂಡು ನನ್ನ ಹತ್ತಿರ ಹೇಳಿದರು: “ಸಾಬ್ ನನ್ನ ಒಂದಿನಾನೂ ನಂಬ್ಲಿಲ್ಲ ಸಾರ್. ಆದ್ರೆ ಅವತ್ತು ಅವ್ರನ್ನ ಅವ್ರೇ ನಂಬ್ಲಿಲ್ಲ, ನೋಡಿ.”

ಆ ಕಾರನ್ನು ಈಗ ನಾನು ಓಡಿಸುತ್ತೇನೆ. ಕೀಗೆ ಕಟ್ಟಿದ ದಾರ ಬಣ್ಣಗೆಟ್ಟಿದೆ, ಬಿಚ್ಚಿಲ್ಲ. ಸಂಜೆ ದೀಪ ಹಚ್ಚಿದ ಮೇಲೆ ನನ್ನ ಹೆಂಡತಿ ಕಣ್ಣಿಗೆ ಹನಿ ಹಾಕಿಕೊಳ್ಳುತ್ತಾಳೆ. ಕಾರ್ಡು ಕೆಟ್ಟಿದೆ ಅಂದುಬಿಡು ಎಂದು ಅಂದು ಅಪ್ಪನನ್ನು ಬೇಡಿಕೊಂಡಿದ್ದವಳು ಇವಳೇ. ಈಗ ಬಾಟಲಿಯ ಮೇಲಿನ ತಾರೀಖನ್ನು ತಾನು ಓದಿ, ಅಷ್ಟಕ್ಕೆ ನಂಬದೆ ನನ್ನ ಕೈಗೂ ಕೊಡುತ್ತಾಳೆ. ನಾನು ಬೆಳಕಿಗೆ ಹಿಡಿದು, ತಿರುಗಿಸಿ ಓದಿ, ಪಾಸ್ ಎನ್ನುತ್ತೇನೆ. ಆಮೇಲೆ ಅವಳು ತಲೆ ಎತ್ತುತ್ತಾಳೆ.